ಕವಾಸಾಕಿ ಮಗುವಿಗೆ ಜ್ವರ ಮತ್ತೆ ಬಂದರೆ: ಕೋಲಾರದಲ್ಲೇ ಇರೋದಾ, ಬೆಂಗಳೂರಿಗೆ ಹೊರಡೋದಾ?

ನಾನು ಕೋಲಾರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನ ತಂಗಿ ಮಗಳಿಗೆ ಕವಾಸಾಕಿ ಬಂದು, ಅದರ ಮೇಲೆ ಇನ್ನೊಂದು ದೊಡ್ಡ ತೊಂದರೆ ಸೇರಿಕೊಂಡಾಗ ಆಸ್ಪತ್ರೆ ಕಾರಿಡಾರ್‌ನಲ್ಲಿ ಹದಿನಾಲ್ಕು ದಿನ ಕಳೆದಿದ್ದೇನೆ. ಆಮೇಲಿಂದ ಮಾಲೂರು, ಮುಳಬಾಗಿಲು, ಬಂಗಾರಪೇಟೆ ಕಡೆಯಿಂದ ಗೊತ್ತಿದ್ದವರು, ಗೊತ್ತಿಲ್ಲದವರು ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ. "ಐವಿಐಜಿ ಹಾಕಿಸಿ ಆಯ್ತು, ಜ್ವರ ಮತ್ತೆ ಬಂದಿದೆ. ಇಲ್ಲೇ ಇರೋಣವಾ, ಬೆಂಗಳೂರಿಗೆ ಹೋಗೋಣವಾ?" (ಐವಿಐಜಿ ಅಂದರೆ ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನು, ಕವಾಸಾಕಿಗೆ ರಕ್ತನಾಳದ ಮೂಲಕ ಕೊಡುವ ಔಷಧಿ.) ಫೋನಿನಲ್ಲಿ ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಒಂದು ಸಲ ಪೂರ್ತಿ ಬರೆದಿಡೋಣ ಅಂತ ಕೂತಿದ್ದೇನೆ.

ಕವಾಸಾಕಿ ಅಂದರೆ ಚಿಕ್ಕ ಮಕ್ಕಳ ರಕ್ತನಾಳಗಳಿಗೆ ಬರುವ ಉರಿಯೂತ. ಜಪಾನಿನ ಡಾಕ್ಟರ್ ತೊಮಿಸಾಕು ಕವಾಸಾಕಿ ಇದನ್ನು 1961ರಲ್ಲಿ ಮೊದಲ ಸಲ ಗಮನಿಸಿ, 1967ರಲ್ಲಿ 50 ಮಕ್ಕಳ ವಿವರ ಬರೆದರು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಐದು ದಿನವಾದರೂ ಬಿಡದ ಜ್ವರ, ಪಿಸುರು ಇಲ್ಲದೆ ಕೆಂಪಾದ ಕಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ಗಂದೆ, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಂಟು. ನಮ್ಮ ಮಗುವಿಗೆ ಆಗ 14 ತಿಂಗಳು. ಹುಟ್ಟಿದಾಗ ತೋಳಿಗೆ ಹಾಕಿದ್ದ ಬಿಸಿಜಿ ಗುರುತು ಕೂಡ ಕೆಂಪಗೆ ಊದಿಕೊಂಡಿತ್ತು. ಮೊದಲು ತೋರಿಸಿದ ಕಡೆ ವೈರಲ್ ಅಂದರು. ಆರನೇ ದಿನ ಬೇರೊಬ್ಬ ಮಕ್ಕಳ ಡಾಕ್ಟರ್ ಆ ಗುರುತನ್ನು ನೋಡಿಯೇ ಕವಾಸಾಕಿ ಇರಬಹುದು ಎಂದರು.

ಚಿಕಿತ್ಸೆ ಕೊಡದೆ ಬಿಟ್ಟರೆ ನೂರಕ್ಕೆ ಸುಮಾರು 25 ಮಕ್ಕಳಲ್ಲಿ ಹೃದಯದ ರಕ್ತನಾಳ ಬಲೂನಿನಂತೆ ಊದುತ್ತದೆ. ಹತ್ತು ದಿನದೊಳಗೆ ಐವಿಐಜಿ ಕೊಟ್ಟರೆ ಇದು ನಾಲ್ಕೈದಕ್ಕೆ ಇಳಿಯುತ್ತದೆ. ಡೋಸು ಮಗುವಿನ ಪ್ರತಿ ಕೆಜಿ ತೂಕಕ್ಕೆ 2 ಗ್ರಾಂ. 10 ಕೆಜಿ ಮಗುವಿಗೆ 20 ಗ್ರಾಂ, ಅಂದರೆ 5 ಗ್ರಾಂನ ನಾಲ್ಕು ಬಾಟಲಿ, 10–12 ಗಂಟೆ ನಿಧಾನವಾಗಿ ಹನಿಹನಿಯಾಗಿ. ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ.

ಇಷ್ಟಾದ ಮೇಲೂ ನೂರರಲ್ಲಿ 10ರಿಂದ 20 ಮಕ್ಕಳಿಗೆ ಜ್ವರ ಬಿಡುವುದಿಲ್ಲ. ಅದರಲ್ಲಿ ಬಹುಪಾಲು ಬರೀ ಹಟಮಾರಿ ಕವಾಸಾಕಿ, ಇನ್ನೊಂದು ಔಷಧಿಗೆ ಬಗ್ಗುತ್ತದೆ. ಆದರೆ ಕವಾಸಾಕಿ ಬಂದ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ ಬೇರೆಯೇ ಆಗುತ್ತದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಲಗಾಮು ಕಿತ್ತುಕೊಳ್ಳುತ್ತದೆ. ಸತ್ತ ಕಣ, ಕಸ ತಿಂದು ಚೊಕ್ಕಟ ಮಾಡುವ ಮ್ಯಾಕ್ರೋಫೇಜ್ ಎಂಬ ಕಣಗಳು ಜೀವಂತ ರಕ್ತಕಣಗಳನ್ನೇ ನುಂಗಲು ಶುರುಮಾಡುತ್ತವೆ. ಇದರ ಹೆಸರು ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್. ಡಾಕ್ಟರುಗಳು ಮಾಸ್ ಎನ್ನುತ್ತಾರೆ. ತಡ ಮಾಡಿದರೆ ಪ್ರಾಣಕ್ಕೇ ಅಪಾಯ. ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಉತ್ತರ ಇರುವುದು, ನಿಮ್ಮ ಮಗು ಈ ಎರಡರಲ್ಲಿ ಯಾವ ಗುಂಪಿನದು ಅನ್ನುವುದರಲ್ಲಿ.

ಇಳಿದ ಇಎಸ್‌ಆರ್ ನೋಡಿ ಖುಷಿಪಡಬೇಡಿ

ಐವಿಐಜಿ ಮುಗಿದ ಮರುದಿನ ಮಗುವಿಗೆ ಜ್ವರ ಬಿಟ್ಟಿತ್ತು. ಅದರ ಮರುದಿನ ರಾತ್ರಿ 103. ಬೆಳಗ್ಗೆ ತಂಗಿ ಫೋನ್ ಮಾಡಿದಳು. "ಅಣ್ಣಾ, ಪ್ಲೇಟ್‌ಲೆಟ್ ಇಳಿದೈತಂತೆ, ಡೆಂಗೀನೂ ಸೇರ್ಕೊಂಡಿರಬಹುದು ಅಂತಾವ್ರೆ. ಆದ್ರೆ ಇಎಸ್‌ಆರ್ ಕಮ್ಮಿ ಆಗೈತೆ, ಅದು ಒಳ್ಳೇದಲ್ವಾ?" ಅವಳ ಅತ್ತೆ ಅಷ್ಟರಲ್ಲಿ ಪಪ್ಪಾಯ ಎಲೆ ರಸ ಅರೆಯಲು ಕೂತಾಗಿತ್ತು.

ರಿಪೋರ್ಟಿನ ಫೋಟೊ ತರಿಸಿಕೊಂಡೆ. ಪ್ಲೇಟ್‌ಲೆಟ್ 4.6 ಲಕ್ಷದಿಂದ 1.3 ಲಕ್ಷಕ್ಕೆ ಬಂದಿತ್ತು. ಇಎಸ್‌ಆರ್, ಅಂದರೆ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ಅಂದಾಜು ಕೊಡುವ ರಕ್ತಪರೀಕ್ಷೆ, 92 ಇದ್ದದ್ದು 14. ನನ್ನ ಕೈಕಾಲು ತಣ್ಣಗಾಯಿತು.

ಯಾಕೆ ಅಂತ ಹೇಳುತ್ತೇನೆ, ಇದು ನನ್ನ ಕಸುಬಿನ ವಿಷಯ. ಇಎಸ್‌ಆರ್ ನೋಡಲು ರಕ್ತವನ್ನು ಸಣ್ಣ ಉದ್ದದ ಕೊಳವೆಗೆ ತುಂಬಿ ನೆಟ್ಟಗೆ ನಿಲ್ಲಿಸುತ್ತೇವೆ. ಒಂದು ಗಂಟೆಯಲ್ಲಿ ಕೆಂಪುಕಣ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಅನ್ನುವುದೇ ಲೆಕ್ಕ. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಏರಿರುತ್ತದೆ. ಅದು ಅಂಟಿನಂತೆ. ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಇಳಿಯುತ್ತವೆ. ಮಾಸ್ ಶುರುವಾದರೆ ಈ ಫೈಬ್ರಿನೋಜನ್ ಖರ್ಚಾಗಿಹೋಗುತ್ತದೆ. ಅಂಟು ಇಲ್ಲ, ಆದ್ದರಿಂದ ಇಎಸ್‌ಆರ್ ಕಮ್ಮಿ. ಉರಿ ಒಳಗೆ ಇನ್ನೂ ಜಾಸ್ತಿಯಾಗಿರುತ್ತದೆ, ಕೊಳವೆ ಮಾತ್ರ ವಾಸಿಯಾದಂತೆ ತೋರಿಸುತ್ತದೆ. ಅದರಲ್ಲೂ ಐವಿಐಜಿ ಅನ್ನುವುದೇ ಪ್ರೋಟೀನು. ಅದನ್ನು ಹಾಕಿದ ಮೇಲೆ ಇಎಸ್‌ಆರ್ ತಾನಾಗಿಯೇ ಏರಬೇಕು. ಅದಕ್ಕೇ ಆಮೇಲೆ ಉರಿಯೂತಕ್ಕೆ ಸಿಆರ್‌ಪಿ ಎಂಬ ಇನ್ನೊಂದು ಟೆಸ್ಟ್ ನೋಡುತ್ತಾರೆ. ಏರಬೇಕಾದ್ದು ಜ್ವರ ಇರುವಾಗಲೇ ದಢಕ್ಕನೆ ಇಳಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಪ್ಲೇಟ್‌ಲೆಟ್ ಕಥೆಯೂ ಹಾಗೇ. ಕವಾಸಾಕಿಯಲ್ಲಿ ಎರಡನೇ ವಾರ ಅದು ಏರುತ್ತದೆ, ಏಳೆಂಟು ಲಕ್ಷಕ್ಕೆ ಹೋದರೂ ಆಶ್ಚರ್ಯವಿಲ್ಲ. ಆ ಹೊತ್ತಿನಲ್ಲಿ ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಂದರೆ ಸುಮ್ನೆ ಕೂರಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಪ್ಲೇಟ್‌ಲೆಟ್ ಇಳಿದರೆ ಬಾಯಿಗೆ ಮೊದಲು ಬರುವುದು ಡೆಂಗಿ. ಅದನ್ನೂ ಸ್ಕ್ರಬ್ ಟೈಫಸನ್ನೂ (ಸಣ್ಣ ಹುಳ ಕಚ್ಚಿ ಬರುವ ಜ್ವರ) ನೋಡಲೇಬೇಕು, ತಪ್ಪಲ್ಲ. ಎರಡೂ ಮಾಸ್ ತರಬಲ್ಲವು. ಡೆಂಗಿ ಇದ್ದರೆ ಕವಾಸಾಕಿಗೆ ಕೊಡುವ ಆಸ್ಪಿರಿನ್ ಬೇರೆ ಅಪಾಯ. ಆದರೆ ಡೆಂಗಿ ನೆಗೆಟಿವ್ ಬಂದ ಮೇಲೂ ಅದೇ ಹೆಸರು ಹಿಡಿದು ಎರಡು ದಿನ ಕಾಯಬಾರದು.

ಡಾಕ್ಟರನ್ನು ಕೇಳಬೇಕಾದ ಟೆಸ್ಟುಗಳು: ಫೆರಿಟಿನ್ (ಕಬ್ಬಿಣಾಂಶ ಕೂಡಿಡುವ ಪ್ರೋಟೀನು, ಮಾಸ್‌ನಲ್ಲಿ ವಿಪರೀತ ಏರುತ್ತದೆ), ಫೈಬ್ರಿನೋಜನ್, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಲಿವರ್ ಟೆಸ್ಟ್, ಸೋಡಿಯಂ, ಮತ್ತೊಂದು ಸಿಬಿಸಿ (ರಕ್ತಕಣಗಳ ಎಣಿಕೆ). ಮಕ್ಕಳ ಸಂಧಿವಾತದಲ್ಲಿ ಬರುವ ಮಾಸ್‌ಗೆಂದು 2016ರಲ್ಲಿ ಒಂದು ಅಳತೆ ಮಾಡಿದ್ದಾರೆ. ಜ್ವರವಿದ್ದು ಫೆರಿಟಿನ್ 684ಕ್ಕಿಂತ ಜಾಸ್ತಿ, ಜೊತೆಗೆ ಈ ನಾಲ್ಕರಲ್ಲಿ ಎರಡು: ಪ್ಲೇಟ್‌ಲೆಟ್ 1.81 ಲಕ್ಷ ಅಥವಾ ಕಮ್ಮಿ, ಲಿವರ್ ಟೆಸ್ಟಿನ ಎಎಸ್‌ಟಿ 48ಕ್ಕಿಂತ ಜಾಸ್ತಿ, ಟ್ರೈಗ್ಲಿಸರೈಡ್ 156ಕ್ಕಿಂತ ಜಾಸ್ತಿ, ಫೈಬ್ರಿನೋಜನ್ 360 ಅಥವಾ ಕಮ್ಮಿ. ಕವಾಸಾಕಿಗೆಂದೇ ಮಾಡಿದ ಅಳತೆಯಲ್ಲ, ಆದರೂ ಡಾಕ್ಟರುಗಳು ಇದನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಒಂದು ದಿನದ ಅಂಕಿಗಿಂತ ನಿನ್ನೆಗೂ ಇವತ್ತಿಗೂ ಎಷ್ಟು ಬದಲಾಯಿತು ಅನ್ನೋದು ಮುಖ್ಯ. ನಮ್ಮ ಮಗುವಿನ ಫೆರಿಟಿನ್ 3,800 ಬಂತು. ಸೀರಮ್ಮಿಗೆ ಹಾಲು ಬೆರೆಸಿದಂತೆ ಬಿಳಿ ಛಾಯೆ ಬಂದಿತ್ತು, ಟ್ರೈಗ್ಲಿಸರೈಡ್ ಏರಿದಾಗ ಹಾಗೆ ಕಾಣುತ್ತದೆ.

ಆಸ್ಪತ್ರೆ ಆರಿಸುವಾಗ ಏನನ್ನು ತೂಗಬೇಕು

ಜನ ಮೊದಲು ಕೇಳುವುದು ದುಡ್ಡು, ಆಮೇಲೆ ದೂರ. ನಾನು ಹೇಳುವುದು ಉಲ್ಟಾ ಕ್ರಮ. ಮೊದಲು ಮಕ್ಕಳ ಐಸಿಯು ಇದೆಯಾ, ಇವತ್ತು ಅಲ್ಲಿ ಬೆಡ್ ಇದೆಯಾ. ದೊಡ್ಡವರ ಐಸಿಯು ಲೆಕ್ಕಕ್ಕಿಲ್ಲ. ಎರಡನೆಯದು, ಫೆರಿಟಿನ್ ಮತ್ತು ಫೈಬ್ರಿನೋಜನ್ ರಿಪೋರ್ಟ್ ಎಷ್ಟು ಗಂಟೆಯಲ್ಲಿ ಕೈಗೆ ಬರುತ್ತದೆ. ಸಂಜೆ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಮರುದಿನ ಮಧ್ಯಾಹ್ನ ಬರುವುದಾದರೆ ಈ ಕಾಯಿಲೆಗೆ ಅದು ತುಂಬ ತಡ. ಮೂರನೆಯದು, ಮಗುವಿನ ಎಕೋ (ಹೃದಯದ ಸ್ಕ್ಯಾನ್) ಮಾಡಿ ಕರೋನರಿ, ಅಂದರೆ ಹೃದಯದ ರಕ್ತನಾಳವನ್ನು ಅಳೆಯುವವರು ಇದ್ದಾರಾ. ಮಾಸ್ ಸೇರಿಕೊಂಡ ಮಕ್ಕಳಲ್ಲಿ ಹೃದಯದ ನಾಳದ ತೊಂದರೆ ಜಾಸ್ತಿ ಕಾಣುತ್ತದೆ. ಇವಾದ ಮೇಲೆ ದೂರ, ಖರ್ಚು, ಜೊತೆಗೆ ಯಾರಿರುತ್ತಾರೆ ಅನ್ನೋದು. ಈ ಕೊನೆಯದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮನೆಯಲ್ಲಿ ಇನ್ನೊಂದು ಮಗು, ಹಸು, ತೋಟದಲ್ಲಿ ಟೊಮೆಟೊ ಕೊಯ್ಲು ಇದ್ದರೆ ಎರಡು ವಾರ ಬೆಂಗಳೂರಿನಲ್ಲಿ ಇಬ್ಬರು ನಿಲ್ಲುವುದು ಸಣ್ಣ ಮಾತಲ್ಲ.

ಈಗ ಒಂದೊಂದೇ ನೋಡೋಣ.

ಮೊದಲನೆಯದು, ಐವಿಐಜಿ ಹಾಕಿದ ನರ್ಸಿಂಗ್ ಹೋಮ್‌ನಲ್ಲೇ ಇರುವುದು. ಇದು ತಪ್ಪು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐವಿಐಜಿ ಫೇಲ್ ಅನ್ನಬೇಕಾದರೆ ಕೊನೆಯ ಹನಿ ಮುಗಿದು ಕನಿಷ್ಠ 36 ಗಂಟೆ ಆದ ಮೇಲೂ ಜ್ವರ ಇರಬೇಕು, ಇಲ್ಲವೇ ಬಿಟ್ಟು ಮತ್ತೆ ಬರಬೇಕು. ಅದಕ್ಕೆ ಮುಂಚೆ ಬರುವ ಜ್ವರ ಔಷಧಿಯದ್ದೇ ಇರಬಹುದು. ಮಗು ಹಾಲು ಕುಡಿಯುತ್ತಿದೆ, ಕರೆದರೆ ನೋಡುತ್ತದೆ, ಉಚ್ಚೆ ಸರಿಯಾಗಿ ಹೋಗುತ್ತಿದೆ, ಪ್ಲೇಟ್‌ಲೆಟ್ ಏರುತ್ತಿದೆ ಅಂದರೆ ಅಲ್ಲೇ ಇದ್ದು ದಿನಕ್ಕೊಂದು ಸಿಬಿಸಿ ಮಾಡಿಸುವುದು ಜಾಣತನ. ದುಡ್ಡೂ ಉಳಿಯುತ್ತದೆ. ಅದೇ ಮಗು ಮಂಕಾಗಿದ್ದರೆ, ಹೊಟ್ಟೆ ಉಬ್ಬಿ ಲಿವರ್ ಕೈಗೆ ಸಿಗುತ್ತಿದೆ ಎಂದು ಡಾಕ್ಟರ್ ಹೇಳಿದರೆ, ಮೂಗಿನಲ್ಲೋ ಸೂಜಿ ಚುಚ್ಚಿದ ಕಡೆಯೋ ರಕ್ತ ನಿಲ್ಲದಿದ್ದರೆ 36 ಗಂಟೆಯ ಲೆಕ್ಕ ಮರೆತು ಹೊರಡಿ. ನಾವು ಇಲ್ಲಿ ಅರ್ಧ ದಿನ ಕಳೆದುಕೊಂಡೆವು. "ಇನ್ನೊಂದು ದಿನ ನೋಡೋಣ" ಎಂದರು, ನಾವೂ ತಲೆ ಆಡಿಸಿದೆವು.

ಎರಡನೆಯದು, ಕೋಲಾರದ ಪಕ್ಕದ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆ. ಜಿಲ್ಲೆಯ ಹೆಚ್ಚಿನ ಕಡೆಯಿಂದ ಬೆಂಗಳೂರಿಗಿಂತ ಬೇಗ ಮುಟ್ಟಬಹುದು. ಮೆಡಿಕಲ್ ಕಾಲೇಜು ಅಂದಮೇಲೆ ರಾತ್ರಿ ಎರಡು ಗಂಟೆಗೂ ವಾರ್ಡಿನಲ್ಲಿ ಡಾಕ್ಟರ್ ಇರುತ್ತಾರೆ, ಕಲಿಯುವ ಹುಡುಗರಾದರೂ ಸರಿ. ಕಾರ್ಪೊರೇಟ್‌ಗಿಂತ ಬಿಲ್ ಕಮ್ಮಿ, ಮನೆಯಿಂದ ಮುದ್ದೆ ಸಾರು ಕಳಿಸಬಹುದು. ಹಟಮಾರಿ ಕವಾಸಾಕಿಗೆ, ಅಂದರೆ ಜ್ವರ ಇದೆ ಆದರೆ ರಕ್ತದ ಅಂಕಿಗಳು ಕೆಟ್ಟಿಲ್ಲ ಅನ್ನುವ ಮಗುವಿಗೆ, ನನ್ನ ಓಟು ಇಲ್ಲಿಗೇ. ಮಾಸ್ ಅನುಮಾನ ಇದ್ದರೂ, ಮಗುವಿನ ಉಸಿರು, ಬಿಪಿ ಸರಿ ಇಲ್ಲದಿದ್ದರೆ ಮೊದಲು ಇಲ್ಲೇ ಸೇರಿಸಿ ಸ್ಥಿರ ಮಾಡಿಸಿಕೊಂಡು ಆಮೇಲೆ ಮುಂದಿನ ಯೋಚನೆ ಮಾಡುವುದು ಮೇಲು. ಮುಂಚೆಯೇ ಫೋನ್ ಮಾಡಿ ಮಕ್ಕಳ ಐಸಿಯು ಬೆಡ್ಡು, ಮಕ್ಕಳ ಎಕೋ ಎರಡನ್ನೂ ಕೇಳಿ.

ಮೂರನೆಯದು, ಬೆಂಗಳೂರಿನ ಸರ್ಕಾರಿ ಮಕ್ಕಳ ಆಸ್ಪತ್ರೆ, ಅಂದರೆ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಅಪರೂಪದ ಕಾಯಿಲೆಗಳು ಊರೂರಿನಿಂದ ಅಲ್ಲಿಗೇ ಬರುತ್ತವೆ. ಖರ್ಚು ಕಮ್ಮಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡೂ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದವರೆಗೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು ಹೋದರೆ ಓಡಾಟ ತಪ್ಪುತ್ತದೆ. ದುಬಾರಿ ಔಷಧಿ ಯೋಜನೆಯಲ್ಲಿ ಸೇರುತ್ತದಾ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಕೇಳಿ. ತೊಂದರೆ ಏನಪ್ಪಾ ಅಂದರೆ ಜನ. ಐಸಿಯು ಬೆಡ್ ಹೋದ ತಕ್ಷಣ ಸಿಗುತ್ತದೆ ಎನ್ನಲಾಗದು, ಫೈಲ್ ಹಿಡಿದು ಓಡಲು ಒಬ್ಬ ಗಂಡಾಳು ಬೇಕೇ ಬೇಕು. ಇಲ್ಲಿನ ಡಾಕ್ಟರ್ ಅಲ್ಲಿನ ಡಾಕ್ಟರಿಗೆ ನೇರ ಫೋನ್ ಮಾಡಿ ಮಾತಾಡಿದರೆ ಅರ್ಧ ಕೆಲಸ ಮುಗಿದಂತೆ. ನಾವು ಹೋದದ್ದು ಬೆಂಗಳೂರಿನ ಸರ್ಕಾರಿ ವಾರ್ಡಿಗೇ, ಆ ಒಂದು ಫೋನ್ ಕಾಲ್ ಇದ್ದುದರಿಂದ.

ಹೃದಯದ ತೊಂದರೆ ಅಂದ ಕೂಡಲೇ ಕೆಲವರು ನೇರ ಜಯದೇವಕ್ಕೆ ಹೊರಡುತ್ತಾರೆ. ಆಮೇಲಿನ ತಪಾಸಣೆಗೆ ಸರಿ. ಜ್ವರ ಸುಡುತ್ತಾ ಪ್ಲೇಟ್‌ಲೆಟ್ ಇಳಿಯುತ್ತಿರುವ ದಿನ ಬೇಕಾದದ್ದು ಮಕ್ಕಳ ಆಸ್ಪತ್ರೆ.

ನಾಲ್ಕನೆಯದು, ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ. ಮಕ್ಕಳ ರುಮಟಾಲಜಿಸ್ಟ್ (ಸಂಧಿವಾತ, ಉರಿಯೂತದ ಡಾಕ್ಟರ್), ರಕ್ತದ ಡಾಕ್ಟರ್, ಹೃದಯದ ಡಾಕ್ಟರ್ ಒಂದೇ ಸೂರಿನಡಿ ಸಿಗುವ ಕಡೆ ಹೋದರೆ, ರಿಪೋರ್ಟುಗಳೂ ಕೆಲವೇ ಗಂಟೆಯಲ್ಲಿ ಬರುತ್ತವೆ. ಕೈಯಲ್ಲಿ ಹೆಲ್ತ್ ಇನ್ಶೂರೆನ್ಸ್ ಇದ್ದರೆ ಯೋಚಿಸದೆ ಹೋಗಿ. ಇಲ್ಲದಿದ್ದರೆ ಅಡ್ವಾನ್ಸ್ ಎಷ್ಟು, ಐಸಿಯು ದಿನಕ್ಕೆ ಎಷ್ಟು, ಔಷಧಿ ಬೇರೆಯಾ, ಇಷ್ಟನ್ನು ಫೋನಿನಲ್ಲೇ ಕೇಳಿ. ಮಧ್ಯದಲ್ಲಿ ದುಡ್ಡು ಮುಗಿದು ಐದನೇ ದಿನ ಬೇರೆ ಆಸ್ಪತ್ರೆಗೆ ಸಾಗಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಎರಡು ಎಕರೆ ಮಾವಿನ ತೋಟ ಅಡ ಇಟ್ಟವರನ್ನು ನೋಡಿದ್ದೇನೆ. ಅವರ ಮಗುವಿಗೆ ಸಿಕ್ಕಿದ್ದೂ ನಮ್ಮ ಮಗುವಿಗೆ ಸಿಕ್ಕಿದ್ದೂ ಅದೇ ಸ್ಟೆರಾಯ್ಡ್.

ಯಾವ ಔಷಧಿ ಅನ್ನುವ ಮಾತು ಬಂದಾಗ

ಇದನ್ನು ತೀರ್ಮಾನಿಸುವವರು ಡಾಕ್ಟರು. ಆದರೆ ಅವರು ನಿಮ್ಮನ್ನು ಕೂರಿಸಿಕೊಂಡು "ಹೀಗೂ ಮಾಡಬಹುದು, ಹಾಗೂ ಮಾಡಬಹುದು" ಅಂದಾಗ ಕಣ್ಣು ಕಣ್ಣು ಬಿಡಬಾರದು ಅಲ್ವಾ.

ಎರಡನೇ ಸಲ ಐವಿಐಜಿ ಹಟಮಾರಿ ಕವಾಸಾಕಿಗೆ ಹಳೆಯ ದಾರಿ. ಖರ್ಚು ಮತ್ತೆ ಅಷ್ಟೇ. ರಕ್ತದ ಗುಂಪು ಎ, ಬಿ ಅಥವಾ ಎಬಿ ಆಗಿದ್ದರೆ ಇಷ್ಟು ದೊಡ್ಡ ಡೋಸಿಗೆ ಕೆಂಪುಕಣ ಒಡೆದು ಹಿಮೋಗ್ಲೋಬಿನ್ ಇಳಿಯುವುದುಂಟು. ಆಗ ಇಳಿದದ್ದು ಔಷಧಿಯಿಂದಲಾ, ಮಾಸ್‌ನಿಂದಲಾ ಅನ್ನುವ ಗೊಂದಲ ಬೇರೆ. ಕೂಂಬ್ಸ್ ಟೆಸ್ಟ್ ಮಾಡಿದರೆ ಸುಳಿವು ಸಿಗುತ್ತದೆ. ಮಾಸ್ ಖಚಿತವಾದರೆ ಬರೀ ಐವಿಐಜಿ ನೆಚ್ಚಿಕೊಂಡು ಕೂರುವುದಿಲ್ಲ.

ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ದೊಡ್ಡ ಡೋಸಿನಲ್ಲಿ ಮೂರರಿಂದ ಐದು ದಿನ ರಕ್ತನಾಳಕ್ಕೆ ಕೊಡುವುದು ಮಾಸ್‌ಗೆ ಮುಖ್ಯ ಔಷಧಿ. ಐವಿಐಜಿ ಮುಂದೆ ಇದರ ಬೆಲೆ ಏನೂ ಅಲ್ಲ, ಸಣ್ಣ ಊರಲ್ಲೂ ಸಿಗುತ್ತದೆ. ಸ್ಟೆರಾಯ್ಡ್ ಅಂದರೆ ಬೆಚ್ಚಿಬೀಳುವ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಿ. ಬಿಪಿ, ಸಕ್ಕರೆ ಏರಬಹುದು, ಸೋಂಕು ತಗಲಬಹುದು, ಮುಖ ಊದಬಹುದು. ಇಷ್ಟಾದರೂ ಮಗು ಉಳಿಯಬೇಕಲ್ಲ. ಆಮೇಲೆ ಬಾಯಿಗೆ ಕೊಡುವ ಡೋಸನ್ನು ನಿಧಾನವಾಗಿ ಇಳಿಸುತ್ತಾರೆ, ನೀವಾಗಿಯೇ ನಿಲ್ಲಿಸಬಾರದು.

ಲ್ಯಾಬ್‌ನವನಾಗಿ ನನ್ನದೊಂದು ಹಟ ಇದೆ: ಸ್ಯಾಂಪಲ್ ಮೊದಲು, ಸ್ಟೆರಾಯ್ಡ್ ಆಮೇಲೆ. ಸ್ಟೆರಾಯ್ಡ್ ಮೈಗೆ ಹೋದ ಮೇಲೆ ರಕ್ತದ ಕ್ಯಾನ್ಸರಿನಂಥದ್ದು ಇದ್ದರೂ ಟೆಸ್ಟಿನಲ್ಲಿ ಕಾಣದೆ ಮರೆಯಾಗಬಹುದು. ಕಲ್ಚರ್ (ಸೋಂಕು ಹುಡುಕುವುದು), ಸ್ಮಿಯರ್ (ಗಾಜಿನ ಮೇಲೆ ರಕ್ತಕಣ ನೋಡುವುದು), ಫೆರಿಟಿನ್, ಫೈಬ್ರಿನೋಜನ್ ಎಲ್ಲಕ್ಕೂ ಒಂದೇ ಸಲ ರಕ್ತ ತೆಗೆಸಿಬಿಡಿ. ಫೈಬ್ರಿನೋಜನ್‌ಗೆ ನೀಲಿ ಮುಚ್ಚಳದ ಟ್ಯೂಬು, ಗೆರೆಯವರೆಗೆ ತುಂಬಲೇಬೇಕು. ಮಗು ಅಳುತ್ತದೆ ಅಂತ ಅರ್ಧ ತುಂಬಿ ಕಳಿಸಿದರೆ ರಿಪೋರ್ಟೇ ತಪ್ಪು. ಇದಕ್ಕೆ ಹತ್ತು ನಿಮಿಷ ಸಾಕು, ಇದರ ಹೆಸರಲ್ಲಿ ಔಷಧಿ ಒಂದು ದಿನ ಮುಂದೆ ಹೋಗಬಾರದು.

ಇನ್‌ಫ್ಲಿಕ್ಸಿಮ್ಯಾಬ್ ಹಟಮಾರಿ ಕವಾಸಾಕಿಯಲ್ಲಿ ಬೇಗ ಜ್ವರ ಇಳಿಸುತ್ತದೆ, ಒಂದೇ ಡೋಸು, ಸುಮಾರು ಎರಡು ಗಂಟೆ. ಟಿಬಿ ಇಲ್ಲವೆಂದು ಮೊದಲು ನೋಡಬೇಕು. ದುಬಾರಿ. ಅನಕಿನ್ರಾ ಮಾಸ್‌ಗೆ ಒಳ್ಳೆಯ ಔಷಧಿ, ಆದರೆ ಗಾಂಧಿನಗರದ ಮೆಡಿಕಲ್ ಶಾಪಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ, ಆಸ್ಪತ್ರೆಯೇ ತರಿಸಬೇಕು. ಸೈಕ್ಲೋಸ್ಪೊರಿನ್ ಕೈಗೆಟುಕುವ ಬೆಲೆಯದು, ಬಿಪಿ ಮತ್ತು ಕಿಡ್ನಿ ಮೇಲೆ ಕಣ್ಣಿಡಬೇಕು. ಸ್ಟೆರಾಯ್ಡಿಗೆ ಬಗ್ಗದಿದ್ದಾಗ ಇವುಗಳ ಮಾತು ಬರುತ್ತದೆ. ಇವು ಬೇಕಾಗುವ ಹಾಗೆ ಕಂಡರೆ ಬೆಂಗಳೂರೇ ಗತಿ.

ಹೊರಡುವುದಾದರೆ

ಕೋಲಾರದಿಂದ 65–70 ಕಿಲೋಮೀಟರ್. ಹೊಸಕೋಟೆವರೆಗೆ ಒಂದು ಗಂಟೆ ಸಾಕು, ಕೆ.ಆರ್. ಪುರ ಮತ್ತು ಟಿನ್ ಫ್ಯಾಕ್ಟರಿ ದಾಟುವುದೇ ಇನ್ನೊಂದು ಪ್ರಯಾಣ. ಬೆಳಗ್ಗೆ ಎಂಟರಿಂದ ಹನ್ನೊಂದು ತಪ್ಪಿಸಿ. ಮಗು ಮಂಕಾಗಿದ್ದರೆ ಸ್ವಂತ ಕಾರು ಬೇಡ, ಆಕ್ಸಿಜನ್ ಇರುವ ಆಂಬುಲೆನ್ಸ್ ಬೇಕು, 108ಕ್ಕೆ ಕರೆ ಮಾಡಿ. ಜ್ವರಕ್ಕೆ ದಾರಿಯಲ್ಲಿ ಐಬುಪ್ರೊಫೆನ್ ಕೊಡಬೇಡಿ, ಆಸ್ಪಿರಿನ್ ಕೆಲಸ ಮಾಡದಂತೆ ಅಡ್ಡ ಬರುತ್ತದೆ. ಪ್ಲೇಟ್‌ಲೆಟ್ ಇಳಿದಿದ್ದರೆ ಆಸ್ಪಿರಿನ್ನೇ ಮುಂದುವರಿಸಬೇಕಾ ಅಂತ ಹೊರಡುವ ಮುಂಚೆ ಕೇಳಿ. ಒಂದು ಹಾಳೆಯಲ್ಲಿ ಜ್ವರ ಶುರುವಾದ ತಾರೀಖು, ಐವಿಐಜಿ ಮುಗಿದ ಗಂಟೆ, ಬಾಟಲಿ ಎಷ್ಟು, ದಿನದಿನದ ಪ್ಲೇಟ್‌ಲೆಟ್ ಬರೆದುಕೊಳ್ಳಿ. ಅಲ್ಲಿ ಕ್ಯಾಶುವಾಲ್ಟಿಯ ಡಾಕ್ಟರ್ ನಮ್ಮ ದಪ್ಪ ಫೈಲನ್ನು ಪಕ್ಕಕ್ಕಿಟ್ಟು ಆ ಒಂದು ಹಾಳೆಯನ್ನೇ ಓದಿದರು.

ಸ್ಟೆರಾಯ್ಡ್ ಶುರುವಾದ ಎರಡನೇ ದಿನ ಜ್ವರ ಬಿಟ್ಟಿತು. ನಾಲ್ಕನೇ ದಿನ ಪ್ಲೇಟ್‌ಲೆಟ್ 2.1 ಲಕ್ಷ. ಆಗ ಇಎಸ್‌ಆರ್ ಮತ್ತೆ 60 ದಾಟಿತು, ತಂಗಿ ಹೆದರಿ ಫೋನ್ ಮಾಡಿದಳು, ನಾನು ನಕ್ಕೆ. ಎಕೋದಲ್ಲಿ ಒಂದು ನಾಳ ಸ್ವಲ್ಪ ಅಗಲವಾಗಿತ್ತು, ಆರನೇ ವಾರಕ್ಕೆ ಸರಿಹೋಯಿತು.

ಆಮೇಲೊಂದು ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, 16 ತಿಂಗಳಾಯ್ತಲ್ಲ, ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಹಾಕಿಸಿ ಎಂದರು. ಐವಿಐಜಿ ಆದ ಮೇಲೆ ದಡಾರ, ಸೀತಾಳೆ ಸಿಡುಬಿನ ಜೀವಂತ ಲಸಿಕೆಗಳನ್ನು 11 ತಿಂಗಳು ಮುಂದೂಡಬೇಕು, ಇಲ್ಲದಿದ್ದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಎಂಆರ್ ತಡವಾದರೂ ಐದು ವರ್ಷದೊಳಗೆ ಹಾಕಿಸಬಹುದು. ತಾಯಿ ಕಾರ್ಡಿನ ಆ ಚೌಕದಲ್ಲಿ ಐವಿಐಜಿ ತಾರೀಖನ್ನೂ ಹಾಕಿಸಬೇಕಾದ ತಿಂಗಳನ್ನೂ ಕೆಂಪು ಪೆನ್ನಿನಲ್ಲಿ ಬರೆದು ಕೊಟ್ಟೆ. ಆಕೆ ತಮ್ಮ ಪುಸ್ತಕದಲ್ಲೂ ಗುರುತು ಮಾಡಿಕೊಂಡರು.